ಕಂಪನಿ ಕೈಬಿಟ್ಟ ವ್ಯಾಕ್ಯೂಮ್ ಕ್ಲೀನರ್‌ಗೆ ಬಿಡಿಭಾಗ ಹುಡುಕುವುದು ಹೇಗೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಹಿರಿಯರ ಕಾಲದ, ಹಿಡಿ ಹಿಡಿದು ನಿಂತೇ ತಳ್ಳುವ ಮಾದರಿಯ ವ್ಯಾಕ್ಯೂಮ್ ಕ್ಲೀನರ್ ಇದೆ. ಲೋಹದ ಮೈ, ಬಟ್ಟೆಯ ಚೀಲ. 1950ರ ದಶಕದ್ದು ಎಂದು ಕೇಳಿದ್ದೇನೆ. ಮೋಟಾರ್ ತಿರುಗುತ್ತದೆ, ಆದರೆ ಕೆಳಗಿನ ಬ್ರಷ್ ರೋಲರ್ ತಿರುಗುವುದಿಲ್ಲ. ಸ್ವಲ್ಪ ಹೊತ್ತಿನಲ್ಲೇ ಸುಟ್ಟ ವಾಸನೆ ಬರುತ್ತದೆ, ಒಳಗೆ ಕಿಡಿಯೂ ಕಾಣುತ್ತದೆ. ಜೊತೆಗಿದ್ದ ಹೋಸ್ ಬಿರುಕು ಬಿಟ್ಟಿದೆ. ನಾಮಫಲಕ ಅರ್ಧ ಅಳಿಸಿಹೋಗಿದೆ. ಕಂಪನಿಯನ್ನು ವಿಚಾರಿಸಿದರೆ ಈ ಮಾದರಿಯ ಬಿಡಿಭಾಗ ನಿಂತು ದಶಕಗಳಾದವು ಎಂಬ ಉತ್ತರ ಬಂತು. ಇಂಥದ್ದೇ ಇನ್ನೊಂದು ಕೆಟ್ಟ ಯಂತ್ರವನ್ನು ಭಾಗಗಳಿಗಾಗಿ ಕೊಳ್ಳುವುದೊಂದೇ ದಾರಿಯೇ?

ಉತ್ತರ: ಒಂದೇ ದಾರಿಯಲ್ಲ, ನಿಮ್ಮ ವಿವರಣೆಯನ್ನು ನೋಡಿದರೆ ಬಹುಶಃ ಆ ದಾರಿ ನಿಮಗೆ ಬೇಕಾಗುವುದೂ ಇಲ್ಲ. ಬಿಡಿಭಾಗ ಸಿಗುವುದಿಲ್ಲ ಎಂದು ಕಂಪನಿ ಹೇಳಿದಾಗ ಅದರ ಅರ್ಥ, ತನ್ನ ಪಟ್ಟಿಯಲ್ಲಿ ಆ ಸಂಖ್ಯೆಯ ವಸ್ತು ಈಗ ಇಲ್ಲ ಎಂದಷ್ಟೇ. ಆದರೆ ಯಂತ್ರದೊಳಗಿನ ಬೇರಿಂಗ್, ಕಾರ್ಬನ್ ಬ್ರಷ್ (ಮೋಟಾರಿನ ತಿರುಗುವ ಭಾಗಕ್ಕೆ ವಿದ್ಯುತ್ ಮುಟ್ಟಿಸುವ ಕಾರ್ಬನ್ ತುಂಡು), ವಿದ್ಯುತ್ ಕೇಬಲ್, ಕೆಪಾಸಿಟರ್ ಇವುಗಳನ್ನು ವ್ಯಾಕ್ಯೂಮ್ ಕ್ಲೀನರ್ ಕಂಪನಿಗಳು ಸಾಮಾನ್ಯವಾಗಿ ತಾವೇ ತಯಾರಿಸಿದವಲ್ಲ. ಬೇರೆಯವರಿಂದ ಕೊಂಡು, ತಮ್ಮದೊಂದು ಸಂಖ್ಯೆ ಕೊಟ್ಟು ಜೋಡಿಸಿದವು. ಆ ವಸ್ತುಗಳು ಇಂದಿಗೂ ತಯಾರಾಗುತ್ತಿವೆ, ಆದರೆ ಯಂತ್ರದ ಹೆಸರಿನಲ್ಲಿ ಕೇಳಿದರೆ ಸಿಗುವುದಿಲ್ಲ, ಅಳತೆ ಹೇಳಿ ಕೇಳಿದರೆ ಸಿಗುತ್ತವೆ. ಎರಕ ಹೊಯ್ದ ಮೈ, ಗಾಳಿ ಎಳೆಯುವ ಫ್ಯಾನ್, ಮೋಟಾರಿನ ಆರ್ಮೇಚರ್ (ತಂತಿ ಸುತ್ತಿದ, ತಿರುಗುವ ಭಾಗ) ಇಂಥ ಕೆಲವೇ ಭಾಗಗಳು ನಿಜವಾಗಿ ಆ ಕಂಪನಿಯವು, ಹಳೆಯ ಯಂತ್ರವನ್ನು ಅರಸಿ ಹೋಗಬೇಕಾದದ್ದು ಇವುಗಳಿಗಾಗಿ ಮಾತ್ರ. ಹಾಗಾಗಿ ಹುಡುಕಾಟಕ್ಕೆ ಮೊದಲು ಸೂಕ್ಷ್ಮ ಅಳತೆಗೆ ಒಂದು ವರ್ನಿಯರ್ ಕ್ಯಾಲಿಪರ್ ಮತ್ತು ವಿದ್ಯುತ್ ರೋಧ ಅಳೆಯಲು ಒಂದು ಮಲ್ಟಿಮೀಟರ್ ಕೊಂಡುಕೊಳ್ಳಿ.

ಯಂತ್ರದ ಗುರುತಿನಿಂದ ಆರಂಭಿಸೋಣ. ನಾಮಫಲಕದಲ್ಲಿ ಮಾದರಿ ಸಂಖ್ಯೆ, ಕ್ರಮಸಂಖ್ಯೆ, ವೋಲ್ಟ್ ಮತ್ತು ವ್ಯಾಟ್ ಇರುತ್ತವೆ. ಅಳಿಸಿದಂತೆ ಕಾಣುವ ಅಕ್ಷರಗಳು ಅನೇಕ ವೇಳೆ ಪೂರ್ತಿ ಹೋಗಿರುವುದಿಲ್ಲ. ಕತ್ತಲ ಕೋಣೆಯಲ್ಲಿ ಟಾರ್ಚನ್ನು ಫಲಕಕ್ಕೆ ಬಹುತೇಕ ಸಮಾನಾಂತರವಾಗಿ ಹಿಡಿದು ಬೆಳಕು ಹಾಯಿಸಿದರೆ ಒತ್ತಿದ ಅಚ್ಚಿನ ನೆರಳು ಎದ್ದು ಕಾಣುತ್ತದೆ. ಫಲಕವನ್ನು ಉಜ್ಜಿ ತೊಳೆಯುವ ಆಸೆಯನ್ನು ಮಾತ್ರ ತಡೆದುಕೊಳ್ಳಿ. ಅದರಲ್ಲಿ ಪೇಟೆಂಟ್ ಸಂಖ್ಯೆಗಳಿದ್ದರೆ ಅದು ದೊಡ್ಡ ಅನುಕೂಲ, ಏಕೆಂದರೆ ಹಳೆಯ ಪೇಟೆಂಟ್ ದಾಖಲೆಗಳಲ್ಲಿ ಬಹುಪಾಲು ಗೂಗಲ್ ಪೇಟೆಂಟ್ಸ್ ಮತ್ತು ಯುರೋಪಿನ ಪೇಟೆಂಟ್ ಕಚೇರಿಯ ಎಸ್ಪಾಸ್‌ನೆಟ್ ತಾಣಗಳಲ್ಲಿ ಉಚಿತವಾಗಿ ಸಿಗುತ್ತವೆ, ಮತ್ತು ಅವುಗಳ ಚಿತ್ರಗಳಲ್ಲಿ ಯಂತ್ರದ ಒಳಭಾಗವನ್ನು ಕೊಯ್ದು ತೋರಿಸಿರುತ್ತಾರೆ. ಜೇಮ್ಸ್ ಮರ್ರಿ ಸ್ಪ್ಯಾಂಗ್ಲರ್ 1908ರ ಜೂನ್‌ನಲ್ಲಿ ಪಡೆದ 8,89,823ನೇ ಅಮೆರಿಕನ್ ಪೇಟೆಂಟನ್ನು ಹೀಗೆ ತೆರೆದು ನೋಡಿದರೆ, ಫ್ಯಾನ್, ಚೀಲ, ತಿರುಗುವ ಬ್ರಷ್ ಮೂರೂ ಒಂದೇ ಮೈಯಲ್ಲಿ ಹೇಗೆ ಕೂಡಿಕೊಂಡವು ಎಂಬುದು ತಿಳಿಯುತ್ತದೆ. ಹೂವರ್ ಕಂಪನಿ ಹುಟ್ಟಿದ್ದು ಇದೇ ಯಂತ್ರದಿಂದ. ಅಮೆರಿಕದ ಪೇಟೆಂಟ್‌ಗಳಲ್ಲಿ 20 ಲಕ್ಷದ ಸಂಖ್ಯೆ 1935ರಲ್ಲೂ 30 ಲಕ್ಷದ್ದು 1961ರಲ್ಲೂ ಬಂದವು. ನಿಮ್ಮ ಫಲಕದಲ್ಲಿ 24 ಅಥವಾ 26 ಲಕ್ಷದ ಸಂಖ್ಯೆಗಳಿದ್ದರೆ ಅವು ಆ ಎರಡು ವರ್ಷಗಳ ನಡುವಿನವು ಎಂದು ಕುಳಿತಲ್ಲೇ ಹೇಳಬಹುದು. ಅತಿ ದೊಡ್ಡ ಸಂಖ್ಯೆ ಯಾವ ವರ್ಷದ್ದೋ ಅದಕ್ಕಿಂತ ಮೊದಲು ಯಂತ್ರ ತಯಾರಾಗಿರಲಾರದು. ಆಮೇಲೆ ಎಷ್ಟು ವರ್ಷಕ್ಕಾದರೂ ತಯಾರಾಗಿರಬಹುದು.

ಬ್ರಾಂಡ್ ಹೆಸರನ್ನೇ ನಂಬಿ ಹುಡುಕಿದರೆ ದಾರಿ ತಪ್ಪುವ ಸಾಧ್ಯತೆ ಹೆಚ್ಚು. ಹೂವರ್ ಹೆಸರಿನ ಯುರೋಪಿನ ವ್ಯವಹಾರ 1995ರಲ್ಲಿ ಇಟಲಿಯ ಕ್ಯಾಂಡಿ ಕಂಪನಿಗೆ ಹೋಯಿತು, ಅದೀಗ ಹೈಯರ್ ಸಮೂಹದಲ್ಲಿದೆ. ಅದೇ ಹೆಸರಿನ ಅಮೆರಿಕದ ವ್ಯವಹಾರ 2007ರಲ್ಲಿ ಟೆಕ್‌ಟ್ರಾನಿಕ್ ಇಂಡಸ್ಟ್ರೀಸ್ ಪಾಲಾಯಿತು. ಎಲೆಕ್ಟ್ರೋಲಕ್ಸ್ ಕಥೆ ಇನ್ನೂ ಗೋಜಲು: ಅಮೆರಿಕದಲ್ಲಿ ಆ ಹೆಸರಿನಿಂದ ಮಾರಾಟವಾದ ಸಿಲಿಂಡರ್ ಯಂತ್ರಗಳ ಕಂಪನಿ 1968ರಲ್ಲೇ ಸ್ವೀಡನ್ನಿನ ಮೂಲ ಕಂಪನಿಯಿಂದ ಬೇರೆಯಾಯಿತು, ಮುಂದೆ ಹೆಸರನ್ನೂ ಬಿಟ್ಟುಕೊಟ್ಟು ಏರಸ್ ಆಯಿತು. ಆದ್ದರಿಂದ ಒಂದೇ ಹೆಸರು ಹೊತ್ತ ಎರಡು ಯಂತ್ರಗಳ ನಡುವೆ ಒಂದು ಸ್ಕ್ರೂ ಕೂಡ ಹೊಂದದಿರಬಹುದು, ಮತ್ತು ನೀವು ವಿಚಾರಿಸಿದ ಕಂಪನಿಗೂ ನಿಮ್ಮ ಯಂತ್ರಕ್ಕೂ ಹೆಸರಿನ ಸಂಬಂಧ ಬಿಟ್ಟು ಬೇರೇನೂ ಇಲ್ಲದಿರಬಹುದು. ಇದರ ತಿರುಗುಮುರುಗೂ ಉಂಟು. ಸಿಯರ್ಸ್ ಮಳಿಗೆಗಳು ಮಾರಿದ ಕೆನ್‌ಮೋರ್ ಯಂತ್ರಗಳನ್ನು ಬೇರೆ ಬೇರೆ ಕಂಪನಿಗಳು ತಯಾರಿಸಿ ಕೊಡುತ್ತಿದ್ದವು; ಮಾದರಿ ಸಂಖ್ಯೆಯಲ್ಲಿ ಚುಕ್ಕೆಗೆ ಮುಂಚಿನ ಮೂರು ಅಂಕಿಗಳು ನಿಜವಾದ ತಯಾರಕರು ಯಾರು ಎಂಬುದನ್ನು ಸೂಚಿಸುತ್ತವೆ. ಅಂಥ ಯಂತ್ರಕ್ಕೆ ಬೇರೆ ಬ್ರಾಂಡಿನ ಭಾಗ ಸರಿಯಾಗಿ ಕೂರುವುದರಲ್ಲಿ ಆಶ್ಚರ್ಯವಿಲ್ಲ.

ಇನ್ನು ನಿಮ್ಮ ಯಂತ್ರದ ದೋಷಗಳು. ಪ್ಲಗ್ ಕಿತ್ತ ಮೇಲೆಯೇ ಕೆಳತಟ್ಟೆ ಬಿಚ್ಚಿ, ಮತ್ತು ಪ್ರತಿ ಹಂತದಲ್ಲೂ ಫೋಟೋ ತೆಗೆದುಕೊಳ್ಳಿ. ವಾಷರ್‌ಗಳು ಯಾವ ಕ್ರಮದಲ್ಲಿ ಕೂತಿದ್ದವು ಎಂಬುದನ್ನು ನೆನಪಿನಲ್ಲಿ ಇಟ್ಟುಕೊಳ್ಳುತ್ತೇನೆ ಎನ್ನುವವರು ಕೊನೆಗೆ ಕೈಯಲ್ಲಿ ಒಂದು ವಾಷರ್ ಹಿಡಿದು ನಿಲ್ಲುತ್ತಾರೆ. ಬೆಲ್ಟ್ ಕಳಚಿ, ಬ್ರಷ್ ರೋಲರನ್ನು ಬೆರಳಿನಿಂದ ತಿರುಗಿಸಿ ನೋಡಿ. ಅದು ಬಿಗಿಯಾಗಿದ್ದರೆ, ಅದರ ಎರಡು ತುದಿಗಳ ಬೇರಿಂಗಿನಲ್ಲಿ ಕೂದಲು ಮತ್ತು ದಾರ ಸುತ್ತಿಕೊಂಡು ಗಟ್ಟಿಯಾಗಿವೆ ಎಂದರ್ಥ. ನಿಂತ ರೋಲರಿನ ಮೇಲೆ ಬೆಲ್ಟ್ ಜಾರಿ ಜಾರಿ ರಬ್ಬರ್ ಸುಟ್ಟ ವಾಸನೆ ಬರುತ್ತದೆ. ಇಂಥ ಸ್ಥಿತಿಯಲ್ಲಿ ಹೊಸ ಬೆಲ್ಟ್ ಹಾಕಿದರೆ ಅದೂ ಒಂದೇ ದಿನದಲ್ಲಿ ಸುಡುತ್ತದೆ. ಹೊಸ ರೋಲರ್ ಹುಡುಕುವ ಮುನ್ನ ತುದಿಗಳನ್ನು ಬಿಚ್ಚಿ ಕೂದಲು ತೆಗೆಯಿರಿ, ಬಹುಪಾಲು ಸಂದರ್ಭಗಳಲ್ಲಿ ಅಷ್ಟೇ ಸಾಕಾಗುತ್ತದೆ. ಬಿರುಗೂದಲು ಸವೆದಿದೆಯೇ ಎಂದು ತಿಳಿಯಲು ಒಂದು ಗಟ್ಟಿ ರಟ್ಟನ್ನು ಕೆಳತಟ್ಟೆಯ ಬಾಯಿಗೆ ಅಡ್ಡಲಾಗಿ ಇಟ್ಟು ರೋಲರನ್ನು ತಿರುಗಿಸಿ. ಕೂದಲಿನ ತುದಿ ರಟ್ಟಿಗೆ ತಗುಲದಿದ್ದರೆ ಅದರ ಆಯಸ್ಸು ಮುಗಿದಿದೆ. ಮರದ ರೋಲರ್ ಆಗಿದ್ದರೆ ಕೈಗಾರಿಕಾ ಬ್ರಷ್ ತಯಾರಿಸುವವರು ಹಳೆಯ ರಂಧ್ರಗಳಿಗೇ ಹೊಸ ಕೂದಲು ತುಂಬಿಕೊಡಬಲ್ಲರು. ಪಟ್ಟಿಯಾಗಿ ಜಾರಿಸಿ ಕೂರಿಸುವ ಬಗೆಯದಾದರೆ ಪಟ್ಟಿಯ ಅಗಲ, ಬುಡದ ದಪ್ಪ ಮತ್ತು ಉದ್ದವನ್ನು ಕೊಟ್ಟರೆ ಸಾಕು.

ಬೆಲ್ಟಿನ ವಿಷಯದಲ್ಲಿ ಹೆಚ್ಚಿನವರು ಹಳೆಯ ಬೆಲ್ಟನ್ನೇ ಅಳೆದು ಅದೇ ಅಳತೆಯದನ್ನು ತರಿಸುತ್ತಾರೆ, ಅದು ಸಡಿಲವಾಗುತ್ತದೆ. ಏಕೆಂದರೆ ಹಳೆಯದು ವರ್ಷಗಳಿಂದ ಹಿಗ್ಗಿರುತ್ತದೆ. ಅಳೆಯಬೇಕಾದದ್ದು ಬೆಲ್ಟ್ ಹಾಯುವ ದಾರಿಯನ್ನು. ಎರಡು ಪುಲ್ಲಿಗಳ ಕೇಂದ್ರಗಳ ನಡುವಿನ ದೂರವನ್ನು ಎರಡರಿಂದ ಗುಣಿಸಿ, ಎರಡೂ ಪುಲ್ಲಿಗಳ ವ್ಯಾಸಗಳನ್ನು ಕೂಡಿಸಿ 1.57ರಿಂದ ಗುಣಿಸಿ, ಎರಡು ಮೊತ್ತಗಳನ್ನೂ ಸೇರಿಸಿದರೆ ಆ ದಾರಿಯ ಉದ್ದ ಬರುತ್ತದೆ. ಉದಾಹರಣೆಗೆ ಕೇಂದ್ರಗಳ ದೂರ 150 ಮಿ.ಮೀ., ಮೋಟಾರ್ ಷಾಫ್ಟಿನ ಪುಲ್ಲಿ 12 ಮಿ.ಮೀ., ರೋಲರಿನದು 38 ಮಿ.ಮೀ. ಇದ್ದರೆ ಲೆಕ್ಕ 300ಕ್ಕೆ 78.5 ಸೇರಿ ಸುಮಾರು 380 ಮಿ.ಮೀ. ಆಗುತ್ತದೆ. ರಬ್ಬರ್ ಬೆಲ್ಟ್ ಬಿಗಿಯಾಗಿ ಕೂರಲು ಇದಕ್ಕಿಂತ ಶೇ 5ರಷ್ಟು ಕಡಿಮೆ, ಅಂದರೆ 360 ಮಿ.ಮೀ. ಒಳಸುತ್ತಳತೆಯಿಂದ ಆರಂಭಿಸಿ ನೋಡಬಹುದು. ಮಾರಾಟಗಾರರಲ್ಲಿ ಕೆಲವರು ಒಳಸುತ್ತಳತೆಯನ್ನೂ ಕೆಲವರು ಬೆಲ್ಟನ್ನು ಚಪ್ಪಟೆಯಾಗಿ ಮಡಿಸಿದಾಗಿನ ಉದ್ದವನ್ನೂ ನಮೂದಿಸುತ್ತಾರೆ. ಎರಡನೆಯದು ಮೊದಲನೆಯದರ ಅರ್ಧ, ಇದನ್ನು ವಿಚಾರಿಸದೆ ಹಣ ಕಳಿಸಬೇಡಿ. ಅಗಲ ಮತ್ತು ದಪ್ಪವೂ ಮುಖ್ಯ. ದಪ್ಪ ಹೆಚ್ಚಾದರೆ ಬೆಲ್ಟ್ ಗಟ್ಟಿಯಾಗಿ ಎಳೆದು ಮೋಟಾರಿನ ಕೆಳಬೇರಿಂಗಿಗೆ ಭಾರವಾಗುತ್ತದೆ, ಕಡಿಮೆಯಾದರೆ ಕಾರ್ಪೆಟ್ ಮೇಲೆ ರೋಲರ್ ನಿಂತುಬಿಡುತ್ತದೆ.

ನಿಮ್ಮ ಯಂತ್ರದಲ್ಲಿ ಮೋಟಾರಿನ ಷಾಫ್ಟ್ ಲಂಬವಾಗಿದ್ದು ರೋಲರ್ ಅಡ್ಡವಾಗಿದ್ದರೆ, ಆ ಕಾಲದ ಅನೇಕ ಯಂತ್ರಗಳಲ್ಲಿ ಹೀಗೆಯೇ ಇತ್ತು, ಬೆಲ್ಟ್ ದಾರಿಯಲ್ಲಿ ಕಾಲು ಸುತ್ತು ತಿರುಚಿಕೊಂಡು ಹೋಗುತ್ತದೆ. ಆಗ ಮೇಲಿನ ಲೆಕ್ಕ ಪೂರ್ತಿ ಹೊಂದುವುದಿಲ್ಲ. ಹಿಗ್ಗದ ದಾರವನ್ನು ಬೆಲ್ಟಿನ ದಾರಿಯಲ್ಲೇ ಹಾಯಿಸಿ, ಕತ್ತರಿಸಿ, ಅಳೆಯುವುದು ಉತ್ತಮ. ತಿರುಚುವ ದಿಕ್ಕು ತಪ್ಪಿದರೆ ರೋಲರ್ ಹಿಮ್ಮುಖವಾಗಿ ತಿರುಗುತ್ತದೆ, ಯಂತ್ರ ಸದ್ದು ಮಾಡುತ್ತದೆ, ಕಸ ಮಾತ್ರ ಸರಿಯಾಗಿ ಏಳುವುದಿಲ್ಲ. ಕೆಳತಟ್ಟೆಯ ಒಳಬದಿಯಲ್ಲೋ ರೋಲರಿನ ತುದಿಯಲ್ಲೋ ಬಾಣದ ಗುರುತು ಇರಬಹುದು, ಹಳೆಯ ಬೆಲ್ಟ್ ತೆಗೆಯುವ ಮುನ್ನ ಅದನ್ನು ಹುಡುಕಿಕೊಳ್ಳಿ.

ಇಲ್ಲಿ ಒಂದು ಎಚ್ಚರಿಕೆ. 'ಅಂದಿನ ಕಾಲದ ಮೂಲ ಬೆಲ್ಟ್, ಪೊಟ್ಟಣವನ್ನೇ ಒಡೆದಿಲ್ಲ' ಎಂದು ಹೆಚ್ಚಿನ ಬೆಲೆಗೆ ಮಾರುವವರಿದ್ದಾರೆ. ರಬ್ಬರಿಗೆ ಪೊಟ್ಟಣದೊಳಗೂ ವಯಸ್ಸಾಗುತ್ತದೆ. ಗಾಳಿಯ ಆಮ್ಲಜನಕ ಮತ್ತು ಓಝೋನ್ ಅದನ್ನು ಗಟ್ಟಿ ಮಾಡಿ ಬಿರುಕು ಬಿಡಿಸುತ್ತವೆ. ಬೆಲ್ಟ್, ಗಾಳಿ ಸೋರದಂತೆ ತಡೆಯುವ ಗ್ಯಾಸ್ಕೆಟ್, ಮೋಟಾರಿನ ಕೆಳಗಿನ ರಬ್ಬರ್ ದಿಂಬು ಇವುಗಳನ್ನು ಹಳೆಯ ದಾಸ್ತಾನಿನಿಂದ ಕೊಳ್ಳುವುದು ನನ್ನ ಮಟ್ಟಿಗೆ ದಂಡ. ಲೋಹದ ಭಾಗ, ಬೇಕಲೈಟ್ ಎಂಬ ಹಳೆಯ ಗಟ್ಟಿ ಪ್ಲಾಸ್ಟಿಕ್ಕಿನ ಭಾಗ, ಕಾರ್ಬನ್ ಬ್ರಷ್ ಇವುಗಳಿಗೆ ಹಳೆಯ ದಾಸ್ತಾನು ಒಳ್ಳೆಯದೇ.

ಕಿಡಿಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಧಾನಿಸಬೇಕು. ಈ ಯಂತ್ರಗಳಲ್ಲಿರುವುದು ಯೂನಿವರ್ಸಲ್ ಮೋಟಾರ್, ಅಂದರೆ ಎಸಿ ಮತ್ತು ಡಿಸಿ ಎರಡರಲ್ಲೂ ತಿರುಗುವಂಥದ್ದು. ತಾಮ್ರದ ಪಟ್ಟಿಗಳನ್ನು ಸುತ್ತಲೂ ಜೋಡಿಸಿದ ಕಮ್ಯುಟೇಟರಿನ ಮೇಲೆ ಎರಡು ಕಾರ್ಬನ್ ಬ್ರಷ್‌ಗಳು ಸ್ಪ್ರಿಂಗಿನ ಒತ್ತಡದಿಂದ ಉಜ್ಜಿಕೊಂಡಿರುತ್ತವೆ, ಮತ್ತು ನಿಮಿಷಕ್ಕೆ 10,000 ಸುತ್ತುಗಳನ್ನು ದಾಟುವುದು ಇವಕ್ಕೆ ಸಾಮಾನ್ಯ. ಬ್ರಷ್ಷಿನ ಅಂಚಿನಲ್ಲಿ ಸಣ್ಣ ನೀಲಿ ಕಿಡಿಗಳು ಕಾಣುವುದು ದೋಷವಲ್ಲ. ಕಿಡಿ ಹಳದಿಯಾಗಿ, ಉದ್ದವಾಗಿ, ಕಮ್ಯುಟೇಟರಿನ ಸುತ್ತ ಬಳೆಯಂತೆ ಹರಿದರೆ ಬ್ರಷ್ ಸವೆದಿರಬೇಕು ಅಥವಾ ಆರ್ಮೇಚರಿನ ಸುರುಳಿ ಕೆಟ್ಟಿರಬೇಕು. ಇವೆರಡರಲ್ಲಿ ಯಾವುದು ಎಂಬುದನ್ನು ಬ್ರಷ್ ಕೊಳ್ಳುವ ಮೊದಲೇ ತಿಳಿಯಬಹುದು: ಎರಡೂ ಬ್ರಷ್‌ಗಳನ್ನು ಹೊರತೆಗೆದು, ಮಲ್ಟಿಮೀಟರಿನ ಎರಡು ಮೊನೆಗಳನ್ನು ಪಕ್ಕಪಕ್ಕದ ಎರಡು ತಾಮ್ರದ ಪಟ್ಟಿಗಳಿಗೆ ತಾಗಿಸಿ ರೋಧ ನೋಡಿ, ಹಾಗೆಯೇ ಒಂದೊಂದು ಪಟ್ಟಿ ಮುಂದೆ ಸರಿಯುತ್ತ ಸುತ್ತು ಪೂರೈಸಿ. ಮೀಟರ್ ತೋರಿಸುವ ಅಂಕಿ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಇದ್ದರೆ ಆರ್ಮೇಚರ್ ಬಹುಮಟ್ಟಿಗೆ ಸರಿಯಿದೆ. ಒಂದು ಜಾಗದಲ್ಲಿ ತಟ್ಟನೆ ಏರಿದರೆ ಅಲ್ಲಿ ಸುರುಳಿ ತುಂಡಾಗಿದೆ, ತೀರ ಇಳಿದರೆ ಒಳಗೆ ಸುಟ್ಟು ಕೂಡಿಕೊಂಡಿದೆ. ಕೊನೆಗೆ ಒಂದು ಮೊನೆಯನ್ನು ಷಾಫ್ಟಿಗೂ ಇನ್ನೊಂದನ್ನು ಯಾವುದಾದರೂ ಪಟ್ಟಿಗೂ ಹಿಡಿಯಿರಿ, ಅಲ್ಲಿ ಸಂಪರ್ಕವೇ ಇರಬಾರದು.

ಹೊರತೆಗೆದ ಬ್ರಷ್ಷನ್ನು ಕೈಯಲ್ಲಿ ಹಿಡಿದು ನೋಡಿ. ಕಮ್ಯುಟೇಟರಿಗೆ ತಗುಲುವ ಮುಖ ಕಮಾನಿನಂತೆ ಸವೆದು ನಯವಾಗಿ ಹೊಳೆಯುತ್ತಿರಬೇಕು. ಅದು ಸುಟ್ಟು ಗುಳಿ ಬಿದ್ದಿದ್ದರೆ, ಅಥವಾ ಉದ್ದ 6 ಮಿ.ಮೀ.ಗಿಂತ ಕಡಿಮೆಯಾಗಿದ್ದರೆ ಬದಲಿಸಿ. ಹೊಸದಕ್ಕೆ ಬೇಕಾದ ವಿವರಗಳು ಅಗಲ, ದಪ್ಪ, ಉದ್ದ, ಹಿಂಬದಿಯಲ್ಲಿ ಸ್ಪ್ರಿಂಗ್ ಅಂಟಿದೆಯೇ ಬೇರೆಯಾಗಿದೆಯೇ, ತಾಮ್ರದ ಜಡೆಯಿದೆಯೇ, ಅದರ ತುದಿಯ ಟೋಪಿ ಯಾವ ಆಕಾರದ್ದು ಎಂಬಿಷ್ಟೇ. ಅಗಲ ಮತ್ತು ದಪ್ಪವನ್ನು ಸವೆದ ಬ್ರಷ್ಷಿನಿಂದ ಮಾತ್ರವಲ್ಲ, ಅದು ಕೂರುವ ಹಿತ್ತಾಳೆಯ ಗೂಡಿನಿಂದಲೂ ಅಳೆಯಿರಿ. ಇಂಚಿನ ಲೆಕ್ಕದ ಯಂತ್ರಗಳಲ್ಲಿ ಕಾಲು ಇಂಚಿನ, ಅಂದರೆ 6.35 ಮಿ.ಮೀ. ಗೂಡುಗಳಿರುತ್ತವೆ, ಅದಕ್ಕೆ 7 ಮಿ.ಮೀ. ಬ್ರಷ್ ತಂದು ನಯವಾದ ಮರಳು ಕಾಗದವನ್ನು ಗಾಜಿನ ಮೇಲೆ ಹರಡಿ ಸಮನಾಗಿ ಉಜ್ಜಿ ಇಳಿಸಿಕೊಳ್ಳಬಹುದು. ಗೂಡಿನಲ್ಲಿ ಅದು ತನ್ನ ಭಾರಕ್ಕೇ ಜಾರಬೇಕು, ಆದರೆ ಅಕ್ಕಪಕ್ಕ ಅಲ್ಲಾಡಬಾರದು. ಇಲ್ಲಿ ತಪ್ಪದೆ ನೋಡಬೇಕಾದದ್ದು ಕಾರ್ಬನ್ನಿನ ಜಾತಿ. ವಾಹನಗಳ ಸ್ಟಾರ್ಟರ್ ಮೋಟಾರಿನ ಬ್ರಷ್ ಅಳತೆಯಲ್ಲಿ ಹೊಂದಿದರೂ ಅದರಲ್ಲಿ ತಾಮ್ರದ ಪುಡಿ ಬೆರೆತಿರುತ್ತದೆ, ಅದು ಕಡಿಮೆ ವೋಲ್ಟೇಜಿನ ದೊಡ್ಡ ಕರೆಂಟಿಗೆ ಮಾಡಿದ್ದು. ಮುರಿದರೆ ಒಳಗೆ ತಾಮ್ರದ ಕೆಂಪು ಹೊಳಪು ಕಾಣುತ್ತದೆ. ಅದನ್ನು ಇಲ್ಲಿ ಹಾಕಿದರೆ ಕಮ್ಯುಟೇಟರೇ ಹಾಳಾಗುತ್ತದೆ. ಡ್ರಿಲ್, ಗ್ರೈಂಡರ್ ಮುಂತಾದ ಮನೆಯ ವೋಲ್ಟೇಜಿನ ಉಪಕರಣಗಳಿಗೆ ಮಾಡಿದ ಬ್ರಷ್ಷಿನಿಂದ ಕತ್ತರಿಸಿಕೊಂಡರೆ ನಡೆಯುತ್ತದೆ. ಎರಡನ್ನೂ ಒಟ್ಟಿಗೇ ಬದಲಿಸಿ. ಸ್ಪ್ರಿಂಗ್ ನೀಲಿಗಟ್ಟಿದ್ದರೆ ಬಿಸಿಗೆ ಅದರ ಬಲ ಹೋಗಿದೆ, ಅದನ್ನೂ ಬದಲಿಸಬೇಕು.

ಹೊಸ ಬ್ರಷ್ಷಿನ ಮುಖಕ್ಕೆ ಕಮಾನು ಬರಿಸಲು ಕಮ್ಯುಟೇಟರಿನ ಮೇಲೆ ನಯವಾದ ಗಾಜು ಕಾಗದವನ್ನು, ಉಜ್ಜುವ ಬದಿ ಹೊರಗಿರುವಂತೆ ಸುತ್ತಿ, ಷಾಫ್ಟನ್ನು ಕೈಯಿಂದ ತಿರುಗಿಸಬೇಕು. ಎಮರಿ ಕಾಗದ ಬೇಡ. ಅದರ ಪುಡಿ ವಿದ್ಯುತ್ ಹರಿಯಲು ಬಿಡುತ್ತದೆ ಮತ್ತು ತಾಮ್ರದ ಪಟ್ಟಿಗಳ ನಡುವೆ ಕೂತು ತೊಂದರೆ ಕೊಡುತ್ತದೆ. ಕಮ್ಯುಟೇಟರಿನ ಮೇಲೆ ಕಂದು ಬಣ್ಣದ ತೆಳುಪೊರೆ ಇದ್ದರೆ ಅದನ್ನು ಕೊಳೆಯೆಂದು ಭಾವಿಸಿ ಉಜ್ಜಿ ತೆಗೆಯಬೇಡಿ, ಬ್ರಷ್ ಜಾರುವುದು ಅದರ ಮೇಲೆಯೇ. ಕಪ್ಪಗೆ ಸುಟ್ಟು ತಗ್ಗುಬಿದ್ದಿದ್ದರೆ ಮಾತ್ರ ಲೇತ್ ಕೆಲಸದವರಿಂದ ತೆಳ್ಳಗೆ ಕೆತ್ತಿಸಿ, ಪಟ್ಟಿಗಳ ನಡುವಿನ ಮೈಕಾವನ್ನು ತಾಮ್ರಕ್ಕಿಂತ ಸುಮಾರು ಅರ್ಧ ಮಿ.ಮೀ. ಕೆಳಗಿಳಿಸಬೇಕು.

ಬೇರಿಂಗ್ ಹುಡುಕುವುದು ಎಲ್ಲಕ್ಕಿಂತ ಸುಲಭ. ಬಾಲ್ ಬೇರಿಂಗಿನ ಅಂಚಿನಲ್ಲಿ ಕೊರೆದ ಸಂಖ್ಯೆಯೇ ಅದರ ಅಳತೆ, ಮತ್ತು ಆ ಅಳತೆಗಳು ಜಗತ್ತಿನಾದ್ಯಂತ ಒಂದೇ. 608 ಎಂದರೆ ಒಳವ್ಯಾಸ 8, ಹೊರವ್ಯಾಸ 22, ದಪ್ಪ 7 ಮಿ.ಮೀ.; 6200 ಎಂದರೆ 10, 30, 9; 6201 ಎಂದರೆ 12, 32, 10. ಸಂಖ್ಯೆ ಅಳಿಸಿದ್ದರೆ ಈ ಮೂರು ಅಳತೆಗಳನ್ನು ತೆಗೆದು ಬೇರಿಂಗ್ ಅಂಗಡಿಯಲ್ಲಿ ಹೇಳಿದರೆ ಸಾಕು. ಹಳೆಯ ಅಮೆರಿಕನ್ ಯಂತ್ರಗಳಲ್ಲಿ ಇಂಚಿನ ಬೇರಿಂಗ್‌ಗಳೂ ಇರುವುದರಿಂದ, ಅಳತೆ 12.7 ಅಥವಾ 9.5 ಮಿ.ಮೀ. ಎಂದು ಬಂದರೆ ಕ್ಯಾಲಿಪರ್ ತಪ್ಪು ಹೇಳುತ್ತಿದೆ ಎಂದುಕೊಳ್ಳಬೇಡಿ. ಈ ವೇಗಕ್ಕೆ ಲೋಹದ ಮುಚ್ಚಳದ, ಜೆಡ್‌ಜೆಡ್ ಎಂದು ಬರೆದ ಬಗೆಯನ್ನು ನಾನು ಆರಿಸುತ್ತೇನೆ; ರಬ್ಬರ್ ಸೀಲಿನದು ಧೂಳನ್ನು ಚೆನ್ನಾಗಿ ತಡೆದರೂ ಉಜ್ಜಿಕೊಂಡು ಬಿಸಿಯಾಗುತ್ತದೆ. ಬಾಲ್ ಬೇರಿಂಗಿಗೆ ಬದಲು ಕಂಚಿನ ಬುಷ್ (ಗುಂಡುಗಳಿಲ್ಲದ, ಕೊಳವೆಯಂಥ ಬೇರಿಂಗ್) ಮತ್ತು ಅದರ ಸುತ್ತ ಎಣ್ಣೆ ಹೀರಿದ ಫೆಲ್ಟ್ ಇದ್ದರೆ, ಮೋಟಾರಿಗೆಂದೇ ಮಾರುವ ಎಸ್‌ಎಇ 20 ಎಣ್ಣೆಯ ಕೆಲವು ಹನಿ ಹಾಕಿ. ತುಕ್ಕು ಬಿಡಿಸುವ ಸ್ಪ್ರೇ ಬೇಡ, ಅದು ಇದ್ದ ಎಣ್ಣೆಯನ್ನೂ ತೊಳೆದುಬಿಡುತ್ತದೆ. ಬುಷ್ ಸವೆದಿದ್ದರೆ ಅದೇ ಅಳತೆಯ ಎಣ್ಣೆ ತುಂಬಿದ ಬುಷ್ ಸಿದ್ಧವಾಗಿಯೇ ಸಿಗುತ್ತದೆ.

ಕೇಬಲ್ ಮತ್ತು ಕೆಪಾಸಿಟರ್‌ಗಳ ವಿಷಯದಲ್ಲಿ ಮೂಲ ಭಾಗವೇ ಬೇಕೆಂಬ ಹಟ ಬೇಡ. ಹಳೆಯ ರಬ್ಬರ್ ಕವಚದ ತಂತಿ ಹೊರಗೆ ಚೆನ್ನಾಗಿ ಕಂಡರೂ ಬಗ್ಗಿಸಿದಾಗ ಒಳಗೆ ಪುಡಿಯಾಗುತ್ತದೆ, ಅದರಲ್ಲೂ ಹಿಡಿಯೊಳಕ್ಕೆ ಹೋಗುವ ತಿರುವಿನಲ್ಲಿ. ನಿಮ್ಮದು ಲೋಹದ ಮೈಯ ಯಂತ್ರ, ಆದ್ದರಿಂದ ಮೂರು ಎಳೆಯ ಹೊಸ ಕೇಬಲ್ ಹಾಕಿಸಿ ಮೈಗೆ ಅರ್ತ್ ಕೊಡಿಸುವುದು ಅಗತ್ಯ ಎಂದೇ ನಾನು ಹೇಳುತ್ತೇನೆ. ಹಳೆಯ ಎಳೆಗಳ ಬಣ್ಣ ನೋಡಿ ಜೋಡಿಸಬೇಡಿ: ಬ್ರಿಟನ್ನಿನ ಹಳೆಯ ಕೇಬಲ್‌ಗಳಲ್ಲಿ ಕೆಂಪು ಎಂದರೆ ಫೇಸ್, 1960ರ ದಶಕದ ನಡುಭಾಗದವರೆಗಿನ ಜರ್ಮನ್ ಕೇಬಲ್‌ಗಳಲ್ಲಿ ಅದೇ ಕೆಂಪು ಅರ್ತ್ ಆಗಿತ್ತು. ಮೀಟರ್ ಹಿಡಿದು ತುದಿಯಿಂದ ತುದಿಗೆ ಗುರುತಿಸಿಕೊಳ್ಳುವುದೊಂದೇ ಕ್ರಮ. ರೇಡಿಯೊಗೆ ಗೊಂದಲವಾಗದಿರಲೆಂದು ಮೋಟಾರಿನ ಪಕ್ಕ ಇಟ್ಟಿರುವ ಮೇಣದ ಅಥವಾ ಕಾಗದದ ಕೆಪಾಸಿಟರ್ ಇದ್ದರೆ ತೆಗೆದುಬಿಡಿ; ಅದು ಇಲ್ಲದೆಯೂ ಮೋಟಾರ್ ತಿರುಗುತ್ತದೆ, ಆದರೆ ಇದ್ದು ಸೋರಿದರೆ ಮೈಯಲ್ಲಿ ಕರೆಂಟ್ ಹೊಡೆಯುತ್ತದೆ. ಬದಲಿ ಹಾಕಿಸುವುದಾದರೆ ಎರಡು ತಂತಿಗಳ ನಡುವಿನದಕ್ಕೆ ಎಕ್ಸ್2 ವರ್ಗದ್ದು, ತಂತಿ ಮತ್ತು ಮೈಯ ನಡುವಿನದಕ್ಕೆ ವೈ2 ವರ್ಗದ್ದು ಇರಬೇಕು. ಈ ಕೆಲಸದ ಅಭ್ಯಾಸವಿಲ್ಲದಿದ್ದರೆ ಎಲೆಕ್ಟ್ರಿಷಿಯನ್‌ಗೆ ಒಪ್ಪಿಸಿ.

ಹೋಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಳೆಯ ಹೋಸಿನ ಎರಡು ತುದಿಯ ಲೋಹದ ಕೊಳವೆಗಳನ್ನು ಬಿಡಿಸಿ ಉಳಿಸಿಕೊಂಡು, ಅದೇ ಒಳವ್ಯಾಸದ ಹೊಸ ಹೋಸನ್ನು ಮೀಟರ್ ಲೆಕ್ಕದಲ್ಲಿ ತಂದು ಜೋಡಿಸುವುದು ಉತ್ತಮ. 32, 35 ಮತ್ತು 38 ಮಿ.ಮೀ. ಸಾಮಾನ್ಯವಾಗಿ ಸಿಗುವ ಅಳತೆಗಳು. ಚೀಲ ಹರಿದಿದ್ದರೆ ಅದರ ಹೊಲಿಗೆ ಬಿಚ್ಚಿ ಅದನ್ನೇ ಮಾದರಿಯಾಗಿಟ್ಟುಕೊಂಡು ಒತ್ತಾದ ನೇಯ್ಗೆಯ ಹತ್ತಿ ಬಟ್ಟೆಯಲ್ಲಿ ಹೊಲಿಸಬಹುದು, ಆದರೆ ಬಟ್ಟೆಗೆ ಬಾಯಿಟ್ಟು ಊದಿದಾಗ ಉಸಿರು ಸಲೀಸಾಗಿ ಹಾಯಬೇಕು. ಗಾಳಿ ಹಾಯದಿದ್ದರೆ ಎಳೆತವೇ ಸತ್ತುಹೋಗುತ್ತದೆ. ಗ್ಯಾಸ್ಕೆಟ್‌ಗಳನ್ನು ನಿಯೋಪ್ರೀನ್ ಸ್ಪಂಜಿನ ಹಾಳೆಯಿಂದ ಕತ್ತರಿಸಿಕೊಳ್ಳಿ. ಬೇಕಲೈಟ್ ಒಡೆದಿದ್ದರೆ ಎಪಾಕ್ಸಿಯಿಂದ ಅಂಟಿಸಬಹುದು. ಅದು ಒಮ್ಮೆ ಗಟ್ಟಿಯಾದ ಮೇಲೆ ಮತ್ತೆ ಕರಗದ ಪ್ಲಾಸ್ಟಿಕ್ ಆದ್ದರಿಂದ ಬಿಸಿ ಮಾಡಿ ಬೆಸೆಯುವ ಪ್ರಯತ್ನ ವ್ಯರ್ಥ.

ಹೀಗೆ ಕಳೆಯುತ್ತ ಬಂದರೆ ಉಳಿಯುವುದು ಆರ್ಮೇಚರ್, ಅದರ ಸುತ್ತ ತಿರುಗದೆ ನಿಂತಿರುವ ಫೀಲ್ಡ್ ಕಾಯಿಲ್ ಎಂಬ ತಂತಿ ಸುರುಳಿ, ಫ್ಯಾನ್ ಮತ್ತು ಎರಕದ ಭಾಗಗಳು. ಮೇಲೆ ಹೇಳಿದ ರೋಧ ಪರೀಕ್ಷೆಯಲ್ಲಿ ಆರ್ಮೇಚರ್ ಕೆಟ್ಟದ್ದೆಂದು ತಿಳಿದರೆ ಅಥವಾ ಫ್ಯಾನಿನ ರೆಕ್ಕೆ ಮುರಿದಿದ್ದರೆ ಮಾತ್ರ ಇನ್ನೊಂದು ಯಂತ್ರ ಕೊಳ್ಳುವ ಮಾತು. ಮೋಟಾರ್ ವೈಂಡಿಂಗ್ ಮಾಡುವವರು ಆರ್ಮೇಚರನ್ನು ಹೊಸದಾಗಿ ಸುತ್ತಿಕೊಡಬಲ್ಲರು, ಆದರೆ ಇಷ್ಟು ವೇಗದಲ್ಲಿ ತಿರುಗುವ ವಸ್ತುವನ್ನು ಸುತ್ತಿದ ಮೇಲೆ ತೂಕದ ಸಮತೋಲ ನೋಡಲೇಬೇಕು. ಆ ಸೌಲಭ್ಯ ಅವರಲ್ಲಿದೆಯೇ ಎಂದು ಮೊದಲು ಕೇಳಿ. ಫ್ಯಾನಿಗೂ ಇದೇ ಮಾತು. ಒಂದು ರೆಕ್ಕೆಯ ಚೂರು ಹಾರಿದ್ದರೂ ಯಂತ್ರ ಅದುರುತ್ತದೆ, ಬೇರಿಂಗ್ ಬೇಗ ಹೋಗುತ್ತದೆ, ಅಂಟು ಹಾಕಿ ಸರಿಪಡಿಸಿದ ಫ್ಯಾನನ್ನು ನಂಬಬಾರದು. ಅದನ್ನು ಬಿಚ್ಚುವಾಗ ನಟ್ಟನ್ನು ಬಲವಂತದಿಂದ ತಿರುಗಿಸಬೇಡಿ: ಮೋಟಾರ್ ತಿರುಗಿದಂತೆ ಬಿಗಿಯಾಗುವ ಹಾಗೆ ಅದರ ಮರೆ (ಸ್ಕ್ರೂವಿನ ಸುತ್ತುಗೆರೆ) ಕೊರೆದಿರುತ್ತಾರಾದ್ದರಿಂದ ಅದು ಎಡಕ್ಕೆ ತಿರುಗಿಸಿದರೆ ಬಿಗಿಯಾಗುವ ಎಡಮರೆಯೂ ಆಗಿರಬಹುದು. ಸಿಲಿಂಡರ್ ಆಕಾರದ, ನೆಲದ ಮೇಲೆ ಎಳೆಯುವ ಯಂತ್ರ ಇದ್ದವರಿಗೆ ಇನ್ನೊಂದು ಅವಕಾಶವಿದೆ. ಅವುಗಳಿಗೆ ಫ್ಯಾನ್ ಸಮೇತ ಪೂರ್ತಿ ಮೋಟಾರ್ ಘಟಕಗಳು 145 ಮಿ.ಮೀ. ವ್ಯಾಸದಂಥ ರೂಢಿಯ ಅಳತೆಗಳಲ್ಲಿ ಸಿಗುತ್ತವೆ. ನಿಮ್ಮ ಬಗೆಯ ಯಂತ್ರದಲ್ಲಿ ಮೋಟಾರ್ ಮೈಯೊಳಗೇ ಬೆಸೆದುಕೊಂಡಿರುವುದರಿಂದ ಅದು ನಡೆಯುವುದಿಲ್ಲ.

ಭಾಗಗಳಿಗಾಗಿ ಯಂತ್ರ ಕೊಳ್ಳುವುದೇ ಆದರೆ 'ಅದೇ ಮಾದರಿ' ಎಂಬ ಮಾತಿಗೆ ಮರುಳಾಗದೆ ನಾಮಫಲಕದ ಫೋಟೋ ಕೇಳಿ, ವೋಲ್ಟ್ ನೋಡಿ. ಯೂನಿವರ್ಸಲ್ ಮೋಟಾರಿಗೆ 50 ಅಥವಾ 60 ಹರ್ಟ್ಸ್ ಎಂಬುದು ಅಷ್ಟಾಗಿ ಲೆಕ್ಕಕ್ಕಿಲ್ಲ, ಡಿಸಿಯಲ್ಲೂ ಅದು ತಿರುಗುತ್ತದೆ. ಆದರೆ 110 ವೋಲ್ಟಿನ ಆರ್ಮೇಚರನ್ನು 230 ವೋಲ್ಟಿನ ಯಂತ್ರಕ್ಕೆ ಹಾಕಿದರೆ ಸುಟ್ಟುಹೋಗಬಹುದು, ಹೊರನೋಟಕ್ಕೆ ಎರಡೂ ಒಂದೇ ತರಹ ಇದ್ದರೂ. ಒಂದೇ ಮಾದರಿಯೊಳಗೂ ಕಂಪನಿಗಳು ವರ್ಷದಿಂದ ವರ್ಷಕ್ಕೆ ಭಾಗ ಬದಲಿಸುತ್ತಿದ್ದುದರಿಂದ ಕ್ರಮಸಂಖ್ಯೆ ಹತ್ತಿರವಿದ್ದಷ್ಟೂ ಒಳ್ಳೆಯದು. ಮಾರುವವರಿಗೆ ಷಾಫ್ಟ್ ಕೈಯಿಂದ ತಿರುಗುತ್ತದೆಯೇ ಎಂದು ಕೇಳಿ, ಕಮ್ಯುಟೇಟರ್ ಮತ್ತು ಫ್ಯಾನಿನ ಹತ್ತಿರದ ಚಿತ್ರ ಕಳಿಸಲು ಹೇಳಿ. 1920 ಮತ್ತು 30ರ ದಶಕಗಳ ಸತುವಿನ ಎರಕದ ಭಾಗಗಳಲ್ಲಿ ಬಲೆಯಂಥ ಬಿರುಕು ಅಥವಾ ಉಬ್ಬು ಕಂಡರೆ ಕೈಬಿಡಿ. ಲೋಹದಲ್ಲಿ ಸೇರಿದ ಸೀಸದಂಥ ಕಲ್ಮಶದಿಂದ ಅದು ಒಳಗೊಳಗೇ ಪುಡಿಯಾಗುತ್ತಿರುತ್ತದೆ, ಅದಕ್ಕೆ ರಿಪೇರಿ ಇಲ್ಲ. ಹಿಡಿ ಮತ್ತು ಬೇಕಲೈಟ್ ಮುಚ್ಚಳವನ್ನು ಬಿಚ್ಚಿ ಬೇರೆಯಾಗಿ ಸುತ್ತಿ ಕಳಿಸಲು ಮೊದಲೇ ಒಪ್ಪಿಸಿಕೊಳ್ಳಿ, ದಾರಿಯಲ್ಲಿ ಒಡೆಯುವುದು ಅವೇ.

ಎಲ್ಲ ಜೋಡಿಸಿದ ಮೇಲೆ ನೇರವಾಗಿ ಪ್ಲಗ್ ಹಾಕಬೇಡಿ. ಮೊದಲು 500 ವೋಲ್ಟಿನ ಮೆಗ್ಗರ್ ಎಂಬ ಇನ್ಸುಲೇಷನ್ ಅಳೆಯುವ ಮೀಟರಿನಿಂದ ತಂತಿಗಳಿಗೂ ಲೋಹದ ಮೈಗೂ ನಡುವೆ ಇನ್ಸುಲೇಷನ್ ಪರೀಕ್ಷೆ ಮಾಡಿಸಿ. ಒಂದು ಮೆಗಾಓಮ್‌ಗಿಂತ ಕಡಿಮೆ ಬಂದರೆ ಯಂತ್ರವನ್ನು ಬಳಸಬಾರದು. ಎಷ್ಟೋ ವೇಳೆ ಒಳಗಿನ ಕಾರ್ಬನ್ ಪುಡಿ ಮತ್ತು ತೇವವೇ ಇದಕ್ಕೆ ಕಾರಣವಾಗಿರುತ್ತದೆ. ಒಣ ಬ್ರಷ್‌ನಿಂದ ಗುಡಿಸಿ, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟು ಮತ್ತೆ ಅಳೆಯಿಸಿ. ಮೊದಲ ಚಾಲನೆಯನ್ನು ಫಿಲಮೆಂಟ್ ಬಲ್ಬೊಂದನ್ನು ಸೀರೀಸ್‌ನಲ್ಲಿ ಸೇರಿಸಿ ಮಾಡಿದರೆ ಒಳಗೆ ಶಾರ್ಟ್ ಇದ್ದರೂ ಬಲ್ಬ್ ಪೂರ್ತಿ ಬೆಳಗುತ್ತದೆಯೇ ಹೊರತು ಮೋಟಾರ್ ಸುಡುವುದಿಲ್ಲ. ಫ್ಯಾನ್ ಬಿಚ್ಚಿಟ್ಟ ಸ್ಥಿತಿಯಲ್ಲಿ ಈ ಮೋಟಾರನ್ನು ಪೂರ್ಣ ವೋಲ್ಟೇಜಿನಲ್ಲಿ ಎಂದಿಗೂ ಓಡಿಸಬೇಡಿ. ಭಾರವಿಲ್ಲದಾಗ ಇದರ ವೇಗ ಏರುತ್ತಲೇ ಹೋಗಿ ಆರ್ಮೇಚರಿನ ಸುರುಳಿ ಸಿಡಿದು ಹೊರಬರಬಹುದು. ಫ್ಯಾನ್ ಹಾಕಿ, ಬೆಲ್ಟ್ ಹಾಕದೆ ಹತ್ತು ನಿಮಿಷ ಓಡಿಸಿ. ಹೊಸ ಬ್ರಷ್ ಕೂತಂತೆ ಕಿಡಿ ಕಡಿಮೆಯಾಗುತ್ತ ಬಂದರೆ ಬೆಲ್ಟ್ ಏರಿಸಬಹುದು. ಕಡಿಮೆಯಾಗದೆ ಕಮ್ಯುಟೇಟರಿನ ಸುತ್ತ ಹರಿಯುತ್ತಲೇ ಇದ್ದರೆ ಆರ್ಮೇಚರನ್ನು ವೈಂಡಿಂಗ್‌ನವರಲ್ಲಿ ಗ್ರೌಲರ್ (ಸುರುಳಿಯ ಶಾರ್ಟ್ ಪತ್ತೆಹಚ್ಚುವ ಸಾಧನ) ಮೇಲಿಟ್ಟು ಪರೀಕ್ಷೆ ಮಾಡಿಸಿ. ಮಲ್ಟಿಮೀಟರಿಗೆ ಸಿಕ್ಕದ ಶಾರ್ಟ್ ಅಲ್ಲಿ ಸಿಗುತ್ತದೆ. ಅಂಥದ್ದು ಸಿಕ್ಕರೆ ಮಾತ್ರ ಇನ್ನೊಂದು ಯಂತ್ರ ಹುಡುಕಲು ಹೊರಡಿ.